ರಾವ್ ಎಂದರೆ ನಿಲ್ಲು

ನವೆಂಬರ್ 21, 2014. ಬೆಳಿಗ್ಗೆ

ನಟ್ಟುವಿನ ಪಕ್ಕೆಲುಬು ಇವತ್ತೂ ಮುಟ್ಟಿ ನೋಡಿದೆ. ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗೇ ಇರಬೇಕು ಎಂದು ಮೃಗಾಸ್ಪತ್ರೆಯ ಡಾಕ್ಟರ್ ಹೇಳಿದ್ದು. ಆದರೂ ನಿನ್ನೆಗಿಂತ ಸ್ವಲ್ಪ ದಪ್ಪ ಅನ್ನಿಸಿತು. ಜೂಲಿಯೆಟ್ ಕದ್ದು ಅನ್ನ ಹಾಕುತ್ತಾಳೋ ಏನೋ. ಕೇಳಿದ್ದಕ್ಕೆ, ನಾಯಿಯ ಹೊಟ್ಟೆ ನೋಡುವ ಗಂಡ ತನ್ನ ಹೊಟ್ಟೆಯನ್ನೂ ಒಮ್ಮೆ ನೋಡಬಹುದು ಎಂದಳು.

ಕಿವಿಯೊಳಗೆ ಒಂದು ಉಣ್ಣಿ ಸಿಕ್ಕಿತು. ಒಂದೇ. ಆದರೆ ಒಂದು ಸಿಕ್ಕಿದರೆ ಇನ್ನೊಂದು ಉಂಟು ಎಂದೇ ಲೆಕ್ಕ. ಜ್ವರ ಬಂದರೆ ಎಲ್ಲ ಮುಗಿಯಿತು. ಬೆರಳಿನ ಸಂದಿ, ಬಾಲದ ಬುಡ, ಎಲ್ಲ ಹುಡುಕಿದೆ. ಪಂಕ್ಚರ್ ಅಂಗಡಿ ತೆರೆಯುವಾಗ ತಡ. ಒಬ್ಬ ಲಾರಿಯವ ಬೈದು ಹೋದ.

ಜನವರಿಯಲ್ಲಿ ಮಂಗಳೂರಿನ ನಾಯಿ ಶೋ. ಹರ್ಡಲ್ ಹಾರುವುದು, ಟನಲ್ ನುಗ್ಗುವುದು, ಎತ್ತರದ ಹಲಗೆಯ ಮೇಲೆ ಓಡುವುದು. ಮಗಳು ಲೀನಾ ಮೊಬೈಲಿನಲ್ಲಿ ನೋಡಿ ಎಲ್ಲ ಕಲಿಸಿದ್ದಾಳೆ. ಕಾಲೇಜಿಗೆ ಹೋಗುವ ಮೊದಲು, ಬಿಸಿಲು ಏರುವ ಮೊದಲು, ಅಂಗಡಿಯ ಹಿಂದೆ. ನನ್ನ ಹಳೆ ಟಯರುಗಳೇ ಅವಳ ಹರ್ಡಲ್. ನೆಲ ಬರೀ ಮುರಕಲ್ಲು, ಹಾರಿ ಬಿದ್ದರೆ ಭುಜಕ್ಕೆ ಪೆಟ್ಟು. ಅದಕ್ಕೆ ಮರದ ಮಿಲ್ಲಿನಿಂದ ಹುಡಿ ತಂದು ಹಾಸಿದ್ದೇನೆ. ಹುಡಿಯಲ್ಲಿ ಆಣಿ ಇದ್ದರೆ? ಅಯಸ್ಕಾಂತ ಎಳೆದು ನೋಡಿದೆ. ಲೀನಾ ನಕ್ಕಳು.

ಡಿಸೆಂಬರ್ 2



ಪಕ್ಕದ ಪುರುಷೋತ್ತಮನ ಬೇಕರಿಯ ಬೆಕ್ಕು ಹೈವೇ ದಾಟಿತು. ನಟ್ಟು ಸಂಕಲೆ ಕಿತ್ತುಕೊಂಡು ಹಿಂದೆಯೇ. ಕಾಸರಗೋಡು ಕಡೆಯಿಂದ ಟ್ಯಾಂಕರ್. ನಾನು ಜಾಕಿ ಬಿಟ್ಟು ಕೂಗಿದೆ — ರಾವ್. ನಿಂತಿತು. ಡಾಮರಿನ ಅಂಚಿನಲ್ಲಿ, ಒಂದು ಕಾಲು ಎತ್ತಿ, ಕಲ್ಲಿನ ಹಾಗೆ. ಟ್ಯಾಂಕರಿನ ಗಾಳಿಗೆ ಕಿವಿ ಹಿಂದಕ್ಕೆ ಹೋಯಿತು. ನಾನು ಹೋಗಿ ತಲೆ ಮುಟ್ಟುವವರೆಗೂ ಕದಲಲಿಲ್ಲ. ಹಾಗೆಯೇ ಕಲಿಸಿದ್ದು. ಯಾರು ಕರೆದರೂ ಬರಬಾರದು, ನನ್ನ ಕೈ ತಲೆಗೆ ತಾಗಿದರೆ ಮಾತ್ರ. ಹಿಂದಿನ ನಾಯಿ ಹೋದದ್ದು ಇದೇ ರಸ್ತೆಯಲ್ಲಿ. ಇದನ್ನು ಮರಿಯಲ್ಲಿ ತಂದ ದಿನವೇ ಶುರು ಮಾಡಿದ್ದೆ.

ಪುರುಷೋತ್ತಮ ಚಾ ಕೊಟ್ಟ. ಅವನ ಮನೆಮಾತು ತುಳು, ಎಲ್ಲದಕ್ಕೂ ಅವನದ್ದೊಂದು ಪ್ರಶ್ನೆ.

"ಅಲ್ಲ ಮಾರಾಯ, ಲೀನಾ ಎಲ್ಲ ಇಂಗ್ಲಿಷಲ್ಲಿ ಹೇಳ್ತಾಳೆ. ಜಂಪು, ಟನಲ್ಲು. ಇದೊಂದು ಮಾತ್ರ ಎಂತಕ್ಕೆ ಕೊಂಕಣಿ?"

ಹೆದರಿಕೆ ಆಗುವಾಗ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದೆ. ಏಳನೆಯಲ್ಲಿ ಶಾಲೆ ಬಿಟ್ಟವ ನಾನು. ಹೆದರದಿದ್ದರೂ ಬರುವುದಿಲ್ಲ.

ಡಿಸೆಂಬರ್ 27

ಲೀನಾ ಸಿಟ್ಟು ಮಾಡಿದಳು. ನಟ್ಟು ಎತ್ತರದ ಹಲಗೆಯ ಮೇಲೆ ಓಡುತ್ತಿತ್ತು. ಅಂಚಿಗೆ ಬಂದ ಹಾಗೆ ಕಂಡಿತು ನನಗೆ. ರಾವ್ ಎಂದುಬಿಟ್ಟೆ. ಅಲ್ಲೇ ನಿಂತಿತು. ಅವಳು ಬಾ ಬಾ ಎಂದರೂ ಬರಲಿಲ್ಲ. ನಾನು ಹೋಗಿ ಮುಟ್ಟಬೇಕಾಯಿತು. ಈ ವಾರ ಎಷ್ಟು ಸಲ ಹೀಗಾಯಿತೋ.

ಶೋದ ದಿನ ಬಾಯಿ ತೆರೆಯಬಾರದು ಎಂದು ಮಾತು ತೆಗೆದುಕೊಂಡಳು. ಕೊಟ್ಟೆ.

ಜನವರಿ 17, 2015

ನಾಳೆ. ಆದಿತ್ಯವಾರದ ಪೂಜೆ ತಪ್ಪುತ್ತದೆ, ಇವತ್ತೇ ಸಂಜೆ ಇಗರ್ಜಿಗೆ ಹೋಗಿ ಬಂದೆವು. ಅರ್ಧ ಪ್ರಾರ್ಥನೆ ನಾಯಿಯ ಮೊಣಕಾಲಿಗೆ. ಪಾಪವೋ ಏನೋ.

ಉಗುರು ಕತ್ತರಿಸಿ ಆಗಿದೆ. ಬೇಯಿಸಿದ ಬೂತಾಯಿ ಮೀನು ಸ್ವಲ್ಪ ಮಾತ್ರ ಕೊಟ್ಟದ್ದು, ಹೊಟ್ಟೆ ಭಾರ ಆಗಬಾರದು. ಮನೆಯ ನೀರು ಎರಡು ಬಾಟಲಿ ಕಟ್ಟಿದ್ದೇನೆ, ಮಂಗಳೂರಿನ ನೀರು ಆಗದಿದ್ದರೆ? ಈ ತಿಂಗಳು ಶಿರಿಯ ಹೊಳೆಯಲ್ಲಿ ಈಜಿಸಿದ್ದಕ್ಕೆ ಹಿಂಗಾಲು ಗಟ್ಟಿ ಆಗಿದೆ. ತೊಡೆ ಹಿಡಿದರೆ ಮರದ ಹಾಗೆ. ಇಷ್ಟು ಚಂದ ಇದು ಯಾವಾಗಲೂ ಇರಲಿಲ್ಲ.

ಜನವರಿ 19

ನಾನು ಹೇಳಲಿಲ್ಲ. ಇದನ್ನು ಮೊದಲು ಬರೆದು ಇಡುತ್ತೇನೆ. ನಾನು ಹೇಳಲಿಲ್ಲ.

ನಟ್ಟು ಹಾರಿದ್ದು ನೋಡಿ ಪಕ್ಕದ ಲ್ಯಾಬ್ರಡಾರಿನವರು ಎದ್ದು ನಿಂತಿದ್ದರು. ಒಂದು ಕೋಲು ತಾಗಿಸಲಿಲ್ಲ. ಟನಲಿನಿಂದ ಬಾಣದ ಹಾಗೆ ಹೊರಗೆ. ಲೀನಾ ಅದರ ಜೊತೆಗೇ ಓಡುತ್ತಿದ್ದಳು, ಕೂದಲು ಬಿಚ್ಚಿ ಹೋಗಿತ್ತು. ಉಳಿದದ್ದು ಎತ್ತರದ ಹಲಗೆ, ಆಮೇಲೆ ಒಂದು ಹರ್ಡಲ್. ನಾನು ಕರವಸ್ತ್ರ ಬಾಯಿಯಲ್ಲಿ ಕಚ್ಚಿಕೊಂಡಿದ್ದೆ.

ಆಗ ಮೈಕಿನಲ್ಲಿ ಮುಂದಿನವರ ಹೆಸರು ಕರೆದರು. ಶಿವಸುಬ್ರಹ್ಮಣ್ಯ ರಾವ್, ರೆಡಿ ಇರಬೇಕು. ಶಿವಸುಬ್ರಹ್ಮಣ್ಯ ರಾವ್.

ನಟ್ಟು ನಿಂತಿತು. ಹಲಗೆಯ ನಡುವೆ, ಒಂದು ಕಾಲು ಎತ್ತಿ.

ಲೀನಾ ಕರೆದಳು, ಚಪ್ಪಾಳೆ ತಟ್ಟಿದಳು. ಅದು ನನ್ನನ್ನು ಹುಡುಕುತ್ತಿತ್ತು, ತಲೆ ಮುಟ್ಟಲಿಕ್ಕೆ. ಹಗ್ಗದ ಒಳಗೆ ಹೋಗಲಿಕ್ಕೆ ನನ್ನನ್ನು ಬಿಡಲಿಲ್ಲ. ಟೈಮ್ ಮುಗಿಯಿತು. ಸೀಟಿ ಊದಿದರು. ಲೀನಾ ತಿರುಗಿ ನನ್ನನ್ನು ನೋಡಿದಳು. ನಾಯಿಯನ್ನಲ್ಲ.

ಕಾರಿನಲ್ಲಿ ಪುರುಷೋತ್ತಮ ಅವಳಿಗೆ ಬಿಡಿಸಿ ಹೇಳಿದ. ಪಪ್ಪ ಬಾಯಿ ತೆರೆಯಲೇ ಇಲ್ಲ, ಅದು ಮೈಕ್, ಆ ರಾಯರ ಹೆಸರು ಎಂದು. ನಗಿಸಲಿಕ್ಕೂ ನೋಡಿದ. ತಲಪಾಡಿ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಹೇಳಿದಳು.

"ಮೈಕೇ ಆಗಲಿ ಪಪ್ಪ. ಆದ್ರೆ ಓಡೋದಕ್ಕಿಂತ ಜಾಸ್ತಿ ನಿಲ್ಲೋದನ್ನ ಕಲಿಸಿದ್ದು ಯಾರು?"

ಫೆಬ್ರವರಿ 8

ಮೂರು ವಾರ ಏನೂ ಬರೆಯಲಿಲ್ಲ. ಲೀನಾ ಟಯರುಗಳನ್ನು ಮೂಲೆಗೆ ಒಟ್ಟಿದ್ದಳು. ನಟ್ಟು ಬೆಳಿಗ್ಗೆ ಹೋಗಿ ಅವುಗಳ ಎದುರು ಕುಳಿತುಕೊಳ್ಳುತ್ತದೆ. ಸೊಂಟಕ್ಕೆ ಕೊಬ್ಬು ಬರುತ್ತಿದೆ.

ಇವತ್ತು ನಾನೇ ಹೇಳಿದೆ. ಆ ಶಬ್ದವನ್ನು ತೆಗೆಯುವ. ನಾನೇ ಹಾಕಿದ್ದು, ನಾನೇ ತೆಗೆಯುತ್ತೇನೆ. ಅವಳು ಮೊಬೈಲಿನಲ್ಲಿ ಹುಡುಕಿ ದಾರಿ ಹೇಳಿದಳು. ಅದು ಓಡುವಾಗ ನಾನು ರಾವ್ ಎನ್ನಬೇಕು. ನಿಲ್ಲದೆ ಓಡಿದರೆ ಕೋಳಿಯ ಲಿವರ್ ಕೊಡಬೇಕು. ನಿಲ್ಲಿಸಲಿಕ್ಕೆ ಬೇರೆ ಶಬ್ದ ಬೇಕು, ಯಾರ ಹೆಸರೂ ಆಗಿರಬಾರದು. ಪುರುಷೋತ್ತಮ ನನ್ನ ಅಂಗಡಿಯ ಬೋರ್ಡ್ ತೋರಿಸಿದ.

"ಪಂಕ್ಚರ್ ಅಂತ ಇಡಿ. ಆ ಹೆಸರಿನ ರಾಯರು ಎಲ್ಲಿಯೂ ಇಲ್ಲ."

ಲೀನಾ ನಕ್ಕಳು. ಶೋದ ನಂತರ ಮೊದಲ ಸಲ.

ಮಾರ್ಚ್ 6

ಕರೇಜ್ಮಾ, ಈಸ್ಟರಿನ ಮೊದಲಿನ ಉಪವಾಸ. ಶುಕ್ರವಾರ ನಮಗೆ ಗಂಜಿ, ಉಪ್ಪಿನಕಾಯಿ. ನಟ್ಟುವಿಗೆ ಲಿವರ್. ಈ ಮನೆಯಲ್ಲಿ ಕ್ರಿಸ್ತಾಂವನಾಗಿ ಹುಟ್ಟಿದ್ದೇ ತಪ್ಪಾಯಿತು ಎಂದು ಜೂಲಿಯೆಟ್ ಪಾತ್ರೆ ಕುಕ್ಕಿದಳು.

ಮೊದಮೊದಲು ರಾವ್ ಎಂದರೆ ನಿಂತು ನನ್ನ ಮುಖ ನೋಡುತ್ತಿತ್ತು. ಈಗ ಅರೆಕ್ಷಣ ತಡೆದು ಓಡುತ್ತದೆ. ಒಳ್ಳೆಯದೇ. ಎದೆಯೊಳಗೆ ಮಾತ್ರ ಏನೋ ಸಡಿಲವಾದ ಹಾಗೆ, ಚಕ್ರದ ಒಂದು ನಟ್ ಹಾಕಲು ಮರೆತ ಹಾಗೆ.

ಜೂನ್ 30

ಮಳೆ. ಅಂಗಡಿಯ ಹಿಂದೆ ಆಗುವುದಿಲ್ಲ. ಬೇಕರಿಯ ಗೋಡೌನಿನಲ್ಲಿ ಓಡಿಸುತ್ತೇವೆ. ಬೆರಳಿನ ಸಂದಿ ದಿನಾ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಹುಣ್ಣು.

ಈಗ ರಾವ್ ಎಂದರೆ ಇನ್ನೂ ಜೋರು ಓಡುತ್ತದೆ. ಬಾಲ ಎತ್ತಿ, ಖುಷಿಯಲ್ಲಿ. ಲಿವರ್ ಉಂಟು ಎಂದು ಗೊತ್ತು. ಪಂಕ್ಚರ್ ಎಂದರೆ ಲೀನಾಗೆ ನಿಲ್ಲುತ್ತದೆ. ನನಗೂ ನಿಲ್ಲುತ್ತದೆ, ಆದರೆ ನನಗೆ ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಬಾಯಿಗೆ ತರಬೇಕು. ಲೀನಾ ನನ್ನ ಬೆನ್ನು ತಟ್ಟಿ ಹೇಳಿದಳು, ಪಪ್ಪ, ಕಲಿಯಲಿಕ್ಕೆ ನಟ್ಟುವೇ ವಾಸಿ.

ನವೆಂಬರ್ 14

ಮುಂದಿನ ಶೋ ಇಪ್ಪತ್ತೊಂಬತ್ತಕ್ಕೆ. ಪಕ್ಕೆಲುಬು ಸರಿ. ಉಗುರು ಸರಿ. ಕಣ್ಣು ಹೊಳೆಯುತ್ತದೆ. ಹೊಳೆಯಲ್ಲಿ ಆಚೆ ದಡ ಮುಟ್ಟಿ ಬರುತ್ತದೆ.

ಅಂಗಡಿಯಲ್ಲಿ ಇನ್ನು ಕಟ್ಟುವುದು ಬೇಡ ಎಂದು ಲೀನಾ. ಇಡೀ ದಿನ ಸಂಕಲೆಯಲ್ಲಿ ಬಿದ್ದರೆ ಮೈ ಮರಗಟ್ಟುತ್ತದೆ, ಅಲ್ಲದೆ ನನ್ನ ಹೆದರಿಕೆ ಸಂಕಲೆಯಿಂದ ಅದಕ್ಕೆ ಹತ್ತುತ್ತದಂತೆ. ಕರೆಂಟಿನ ಹಾಗೆ. ಇರಬಹುದು. ಈ ಸಲ ಅವಳ ಮಾತು ಕೇಳುತ್ತೇನೆ. ಬಿಚ್ಚಿ ಬಿಟ್ಟೆ. ನನ್ನ ಸ್ಟೂಲಿನ ಕೆಳಗೇ ಮಲಗಿತು, ಎಲ್ಲಿಗೂ ಹೋಗಲಿಲ್ಲ. ಸುಮ್ಮನೆ ಹೆದರಿದ್ದು ಇಷ್ಟು ವರ್ಷ.

ನವೆಂಬರ್ 22

ಬರೆಯಬೇಕು. ಬರೆಯದಿದ್ದರೆ ತಲೆಯಲ್ಲಿ ಅದೇ ತಿರುಗುತ್ತದೆ.

ಶುಕ್ರವಾರ ಮಧ್ಯಾಹ್ನ. ಟ್ಯೂಬ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದೆ. ಸ್ಟೂಲ್ ಅಲುಗಿತು. ತಲೆ ಎತ್ತಿದರೆ ಅದೇ ಬೆಕ್ಕು, ಅದರ ಹಿಂದೆ ನಟ್ಟು. ಮೀನಿನ ಪಿಕಪ್ ಬರುವುದು ಕಂಡಿತು. ಸಮಯ ಇತ್ತು. ಡಾಮರಿಗೆ ಇನ್ನೂ ಕಾಲು ಇಟ್ಟಿರಲಿಲ್ಲ. ಒಂದು ಶಬ್ದಕ್ಕೆ ಬೇಕಾದಷ್ಟು ಸಮಯ ಇತ್ತು.

ರಾವ್ ಎಂದೆ. ಜೀವ ಬಿಟ್ಟು ಕೂಗಿದೆ.

ಅದರ ಬಾಲ ಮೇಲೆ ಹೋಯಿತು. ಒಮ್ಮೆ ತಿರುಗಿ ನನ್ನ ಮುಖ ನೋಡಿತು, ನೋಡು ಪಪ್ಪ ಎನ್ನುವ ಹಾಗೆ. ಜೋರಾಗಿ ಓಡಿತು.

ಪಿಕಪ್ಪಿನವ ಬ್ರೇಕ್ ಹಾಕಿದ. ಅವನ ತಪ್ಪಿಲ್ಲ.

ಡಿಸೆಂಬರ್ 3

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಹಿಂಗಾಲಿನ ತೊಡೆಯ ಮೂಳೆಗೆ ಪ್ಲೇಟು. ಬದುಕುತ್ತದೆ, ಮೆಲ್ಲ ನಡೆಯುತ್ತದೆ, ಹಾರುವುದು ಇನ್ನು ಇಲ್ಲ ಎಂದರು ಡಾಕ್ಟರ್. ಹೊಲಿಗೆ ಮಾಯುವವರೆಗೆ ಏಳಲಿಕ್ಕೇ ಬಿಡಬಾರದು. ಇಂಥ ಗಟ್ಟಿ ತೊಡೆ ಇದ್ದದ್ದಕ್ಕೆ ಕಾಲು ಉಳಿಯಿತು ಎಂದೂ ಹೇಳಿದರು. ಹೊಳೆಯ ಪುಣ್ಯ.

ಶೋದ ದಿನ ಲೀನಾ ಅದರ ಪಕ್ಕದಲ್ಲಿ ಚಾಪೆ ಹಾಕಿ ಕುಳಿತಿದ್ದಳು. ಬೆಕ್ಕಿನ ವಿಷಯ, ಪಿಕಪ್ಪಿನ ವಿಷಯ ಎಲ್ಲ ಪುರುಷೋತ್ತಮ ಹೇಳಿದ್ದ. ಒಂದನ್ನು ಮಾತ್ರ ಹೇಳಿರಲಿಲ್ಲ. ಅವನು ಒಳ್ಳೆಯವ. ಇವತ್ತು ಅವಳೇ ಕೇಳಿದಳು.

"ಎಂತ ಹೇಳಿ ಕರೆದಿರಿ ಪಪ್ಪ?"

ಹೇಳಿದೆ. ಬೇರೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ನಾಯಿಯ ಬಟ್ಟಲು ತೊಳೆಯುತ್ತಿದ್ದಳು. ಅದನ್ನು ಇನ್ನೊಮ್ಮೆ ತೊಳೆದಳು.

"ನನ್ನ ಬಾಯಿಗೂ ಅದೇ ಬರ್ತಿತ್ತು."

ಬರುತ್ತಿರಲಿಲ್ಲ. ಅವಳಿಗೆ ನನ್ನಂಥ ಹೆದರಿಕೆ ಇಲ್ಲ, ಪಂಕ್ಚರ್ ಎಂದೇ ಹೇಳುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಬೈಗಳಿಗೆ ಉತ್ತರ ಕೊಟ್ಟು ಗೊತ್ತು ನನಗೆ.

ಮಾತು ಕೊಟ್ಟು ಬಾಯಿ ಮುಚ್ಚಿದ ದಿನ ನಾಯಿ ನಿಂತಿತು. ಬಾಯಿ ತೆರೆದ ದಿನ ಓಡಿತು. ನಾನೇ ಹಾಕಿದ್ದನ್ನು ನಾನೇ ತೆಗೆಯದೆ ಇದ್ದಿದ್ದರೆ… ಅಥವಾ ಸಂಕಲೆ ಬಿಚ್ಚದೆ… ಅಥವಾ ಮರಿಯಲ್ಲೇ ಸುಮ್ಮನೆ ಆಡಲಿಕ್ಕೆ ಬಿಟ್ಟಿದ್ದರೆ…

ಡಿಸೆಂಬರ್ 16. ಸಂಜೆ

ಹೊಲಿಗೆ ಒಣಗುತ್ತಿದೆ. ನಟ್ಟು ಜಗಲಿಯಲ್ಲಿ ಗೋಣಿಯ ಮೇಲೆ.

ಮನೆಯಲ್ಲಿ ಈಗ ಆ ಶಬ್ದ ಯಾರೂ ಹೇಳುವಂತಿಲ್ಲ. ಮೊನ್ನೆ ಜೂಲಿಯೆಟ್ ಫೋನಿನಲ್ಲಿ ಅವಳ ತಂಗಿಗೆ ಹೇಳಿಬಿಟ್ಟಳು, ರಾವ್, ಹಾಲು ಉಕ್ಕುತ್ತದೆ ಎಂದು. ನಟ್ಟು ಮೂರು ಕಾಲಿನಲ್ಲಿ ಎದ್ದು ನಿಂತಿತ್ತು. ಓಡಲಿಕ್ಕೆ. ಅವತ್ತಿನಿಂದ ಎಲ್ಲರೂ ಒಂದು ನಿಮಿಷ ಎನ್ನುತ್ತೇವೆ. ನಮ್ಮ ಮನೆಯಲ್ಲಿ ನಮ್ಮ ಮಾತೇ ಇಲ್ಲ.

ಈಗ ಜೂಲಿಯೆಟ್ ಚಾ ತಂದು ಇಟ್ಟು ಒಳಗೆ ಹೊರಟಳು. ಸ್ವಲ್ಪ ಕೂತುಕೋ ಎನ್ನಬೇಕು ಅನ್ನಿಸಿತು. ಬಾಯಿಗೆ ಅದೇ ಬಂತು. ಅರ್ಧದಲ್ಲಿ ಕಚ್ಚಿದೆ. ಅರ್ಧ ಸಾಕಾಯಿತು ನಟ್ಟುವಿಗೆ. ಕಿವಿ ನೆಟ್ಟಗಾಗಿದೆ. ಮುಂಗಾಲು ಎರಡೂ ಊರಿ ಆಯಿತು. ಬಾಲ ಆಡಿಸುತ್ತ ನನ್ನ ಮುಖವನ್ನೇ ನೋಡುತ್ತಿದೆ. ಲಿವರ್ ಉಂಟು ಎಂದು.

ಪಂಕ್ಚರ್ ಎನ್ನಬೇಕು ಈಗ. ಮೆಲ್ಲ ಎನ್ನಬೇಕು. ಏಳುತ್ತಿದೆ, ಪೆನ್ನು ಇಟ್ಟು