ಅರ್ಧ ಲೋಟ ಮೊಸರು

ನರ್ಸಸ್ ಹಾಸ್ಟೆಲ್, ಕೋಲಾರ
೧೧-೩-೧೯೭೯, ಭಾನುವಾರ

ಪ್ರೀತಿಯ ಶ್ಯಾಮಲಕ್ಕಾ,

ಭಿಲಾಯಿಯಲ್ಲಿ ನೀನು, ಭಾವ ಹೇಗಿದ್ದೀರಿ? ಪಾಪುವಿನ ಕೆಮ್ಮು ವಾಸಿಯಾಯಿತಾ? ಅಮ್ಮನ ಅಪೆಂಡಿಕ್ಸ್ ಆಪರೇಷನ್ ಆಗಿ ಇವತ್ತಿಗೆ ಐದು ದಿನ. ಗಂಜಿ ಕುಡಿಯುತ್ತಿದ್ದಾಳೆ. ಪಕ್ಕದ ಬೆಡ್ಡಿನವಳ ಜೊತೆ ತೆಲುಗಿನಲ್ಲಿ ಜಗಳ ಆಡುವಷ್ಟು ಚೇತರಿಸಿಕೊಂಡಿದ್ದಾಳೆ, ಭಯಪಡಬೇಡ.

ಕೋರ್ಸ್ ಮುಗಿದ ಮೇಲೆ ಮುಂದೇನು, ಸ್ಯಾಲರಿ ಎಷ್ಟು ಅಂತ ಕೇಳಿದ್ದೆಯಲ್ಲ. ನನಗೆ ಆಸೆ ಇರುವುದು ಅನಸ್ತೇಷಿಯಾ ಟ್ರೈನಿಂಗ್ ಮೇಲೆ. ರೋಗಿಗೆ ಈಥರ್ ಕೊಟ್ಟು ಮಲಗಿಸಿ, ಆಪರೇಷನ್ ಮುಗಿಯುವವರೆಗೂ ಉಸಿರು, ನಾಡಿ ಕಾಯುವ ಕೆಲಸ. ನಮ್ಮಲ್ಲಿ ಅದನ್ನು ಮಾಡುವವರು ಡಾಕ್ಟರಲ್ಲ, ಮುಳಬಾಗಿಲಿನ ಮುನಿಶಾಮಮ್ಮ ಸಿಸ್ಟರ್. ಹನ್ನೆರಡು ವರ್ಷದ ಸರ್ವಿಸ್. ವಾರ್ಡ್ ನರ್ಸುಗಳಿಗಿಂತ ನೂರಿಪ್ಪತ್ತು ರೂಪಾಯಿ ಹೆಚ್ಚು. ಆದರೆ ಬೇರೆ ಕಡೆ ಈ ಕೆಲಸಕ್ಕೆ ಡಾಕ್ಟರನ್ನೇ ಕೇಳುತ್ತಾರಂತೆ. ಇಲ್ಲಿಯೂ ಸಿಸ್ಟರನ್ನೇ ಮುಂದುವರಿಸಿ ನಮ್ಮಂಥವರಿಗೆ ಕಲಿಸಬೇಕೋ, ಡಾಕ್ಟರನ್ನು ತರಬೇಕೋ ಅಂತ ನಾಳೆ ಕಮಿಟಿ ಕೂರುತ್ತದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ ಅಕ್ಕಾ. ಮಂಗಳವಾರ ಥಿಯೇಟರಿಗೆ ಹೊರಡುವ ಮುಂಚೆ ಅಮ್ಮ ನನ್ನ ಕೈ ಹಿಡಿದು, “ಬರೀ ಬಾಯಲ್ಲಿ ಕಳಿಸ್ತೀಯೇನೇ? ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾನು ಹಂಗೆ ಕಳಿಸಿದ್ನಾ?” ಅಂದಳು. ಒಳ್ಳೆ ಕೆಲಸಕ್ಕೆ ಹೊರಟವರ ಅಂಗೈಗೆಲ್ಲ ಅವಳು ಮೊಸರು ಸಕ್ಕರೆ ಹಾಕುತ್ತಿದ್ದದ್ದು ನಿನಗೂ ಗೊತ್ತು. ಹೊಟ್ಟೆ ಖಾಲಿ ಇರಬೇಕು ಅಂತ ನೋಟ್ಸಿನಲ್ಲಿ ನಾನೇ ಅಂಡರ್‌ಲೈನ್ ಮಾಡಿದ್ದೆ. ಆದರೂ ಚಿಕ್ಕಮ್ಮ ಊರಿಂದ ತಂದಿದ್ದ ಮೊಸರನ್ನು ಕೊಟ್ಟೆ. ಒಂದು ಚಮಚ ಅಂದುಕೊಂಡದ್ದು ಅರ್ಧ ಲೋಟ ಆಯಿತು.

ಈಥರ್ ಕೊಡುತ್ತಾ ಸಿಸ್ಟರ್ ಎಣಿಸಲು ಹೇಳಿದರೆ ಅಮ್ಮ ರಾಗಿ ಅಳೆಯುವಾಗಿನ ಹಾಗೆ ಒಂದರ ಬದಲು ಲಾಭ ಸೇರಿಸಿ “ಲಾಭ, ಎರಡು, ಮೂರು” ಅಂದಳು. ಎಲ್ಲರೂ ನಕ್ಕರು. ಆಮೇಲೆ ವಾಂತಿ. ತುಟಿ ನೀಲಿಯಾಯಿತು. ನಾನು ಬಾಗಿಲ ಬಳಿ ಟ್ರೇ ಹಿಡಿದು ಮರದ ಹಾಗೆ ನಿಂತಿದ್ದೆ. ಸಿಸ್ಟರ್ ತಟ್ಟನೆ ತಲೆ ಪಕ್ಕಕ್ಕೆ ಹೊರಳಿಸಿ, ಬಾಯಿ ಗಂಟಲು ಕ್ಲೀನ್ ಮಾಡಿ ಉಸಿರು ತಂದರು. ಅವರ ಬೆರಳಿಗೆಲ್ಲ ಮೊಸರು. ಒಂದು ಸಲ ನನ್ನ ಮುಖ ನೋಡಿದರು. ಮೇಟ್ರನ್ ಕೇಳಿದಾಗ ಮಾತ್ರ, “ನಾನೇ ಸರಿಯಾಗಿ ವಿಚಾರಿಸ್ಲಿಲ್ಲ ಮೇಡಂ” ಅಂದುಬಿಟ್ಟರು. ಆಮೇಲೆ ವರಾಂಡದಲ್ಲಿ ನನಗೆ, “ಅಳ್ಬೇಡ ಕಣೇ. ನೀನು ಫಸ್ಟ್ ಇಯರ್, ಗೊತ್ತಾದ್ರೆ ನಿನ್ನನ್ನ ಮನೆಗೆ ಕಳಿಸ್ತಾರೆ. ನನ್ನನ್ನೇನು ಮಾಡ್ತಾರೆ?” ಅಂದರು.

ಮಾಡುತ್ತಾರೆ ಅಕ್ಕಾ. ನರ್ಸ್ ಕೈಲಿ ಅನಸ್ತೇಷಿಯಾ ಕೊಡಿಸಿದರೆ ಹೀಗೇ ಅಂತ ನಾಳೆ ಇದೇ ಮಾತು ಎತ್ತುತ್ತಾರೆ.

ಭಾವನಿಗೆ ನಮಸ್ಕಾರ. ಪಾಪುವಿನ ಎರಡು ಕೆನ್ನೆಗೂ ಒಂದೊಂದು ಮುತ್ತು.

ನಿನ್ನ ತಂಗಿ,
ಅಮರಾವತಿ

ಇನ್ನೊಂದು ಮಾತು: ಇದನ್ನು ಅಂಟಿಸುವ ಮುಂಚೆ ಮೇಟ್ರನ್ ರೂಮಿನ ಬಾಗಿಲ ಕೆಳಗೆ ಬೇರೆ ಕಾಗದ ತಳ್ಳಿ ಬಂದೆ. ಮೊಸರು ಕೊಟ್ಟದ್ದು ನಾನು ಅಂತ ಬರೆದು ಸೈನ್ ಮಾಡಿದ್ದೇನೆ. ನೀನು ಉತ್ತರವನ್ನು ಹಾಸ್ಟೆಲ್ಲಿಗಲ್ಲ, ಯಲ್ದೂರಿನ ನಮ್ಮ ಮನೆ ಅಡ್ರೆಸ್ಸಿಗೇ ಹಾಕು. ಅಪ್ಪನಿಗೆ ನೀನೇ ಹೇಗಾದರೂ ತಿಳಿಸು. ಅಮ್ಮನಿಗೆ ಮಾತ್ರ ಏನೂ ಬರೆಯಬೇಡ. ಆಪರೇಷನ್ ಸುಸೂತ್ರವಾಗಿ ಆದದ್ದೇ ನನ್ನ ಮಗಳು ಕೊಟ್ಟ ಮೊಸರಿನಿಂದ ಅಂತ ಬೆಡ್ ಬೆಡ್ಡಿಗೂ ಹೇಳಿಕೊಂಡು ಬರುತ್ತಿದ್ದಾಳೆ.