ನೀವಿಲ್ಲದಾಗ ತಾತ ಹೇಳಿದ್ದು

ಪ್ರೀತಿಯ ಅಜ್ಜಿ,

ನೀವು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿಮಗೆ ಸೇರಬೇಕಾದ ಒಂದು ಮಾತು ನನ್ನ ಬಳಿ ಉಳಿದುಬಿಟ್ಟಿದೆ.

ನರ್ಸಿಂಗ್ ಮುಗಿಸಿ ಈ ವೃದ್ಧರ ಆರೈಕೆ ಮನೆಗೆ ಕೆಲಸಕ್ಕೆ ಬಂದ ದಿನ, ನಿಮ್ಮ ಹಾಸಿಗೆಯ ಬಟ್ಟೆಯನ್ನು ಎಳೆದೆಳೆದು ಬಿಗಿಯುತ್ತಿದ್ದ ನನ್ನನ್ನು ನೋಡಿ ನಕ್ಕಿರಿ. "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಕೂತ್ಕೋ ಮಗಳೇ, ನಾವೇನೂ ಇಲ್ಲಿಂದ ಓಡಿಹೋಗಲ್ಲ." ನಾನೂ ನಕ್ಕೆ. ಆದರೆ ನಾನು ಕಲಿತದ್ದೆಲ್ಲ ಗುಣಪಡಿಸಿ ಮನೆಗೆ ಕಳಿಸುವುದನ್ನು. ಇಲ್ಲಿ ಯಾರೂ ಮನೆಗೆ ಹೋಗುವವರಲ್ಲ. ಅಮ್ಮನಂತೂ ಫೋನ್ ಮಾಡಿದಾಗಲೆಲ್ಲ, "ದೊಡ್ಡ ಆಸ್ಪತ್ರೆಗೆ ಯಾವಾಗ ಸೇರ್ತೀಯೇ?" ಎನ್ನುತ್ತಿದ್ದಳು.

ಲಕ್ವ ಹೊಡೆದು ನಿಮ್ಮ ಎಡಭಾಗ ಬಿದ್ದುಹೋಗಿತ್ತು. ಗಂಡಸರ ವಾರ್ಡಿನಲ್ಲಿ ನಿಮ್ಮ ಯಜಮಾನರು, ನಮ್ಮೆಲ್ಲರ ತಾತ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯನಿಗೆ ಬಚ್ಚಲಿನ ದಾರಿಯೂ ಮರೆತಿತ್ತು. ನೀವೂ ಅವರಿಗೆ ಮರೆತುಹೋಗಿದ್ದಿರಿ. ಊಟವಾದ ಮೇಲೆ ನಿಮ್ಮ ಗಾಲಿಕುರ್ಚಿ ತಳ್ಳಿಕೊಂಡು ಹೋದರೆ ತಾತ ಎದ್ದು ನಿಂತು, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎನ್ನುತ್ತಿದ್ದರು. ವಾಪಸು ಬರುವಾಗ ಒಮ್ಮೆ ನೀವು ಹೇಳಿದಿರಿ: "ಮದುವೆ ಆದಾಗಿಂದ ಹೋಗೇ ಬಾರೇ ಅಂತಿದ್ದ ಮನುಷ್ಯ. ಈಗ ಬಹುವಚನ ಕಲಿತಿದಾರೆ ನೋಡು." ಹೇಳುತ್ತಲೇ ಬಲಗೈಯಿಂದ ಕಣ್ಣೊರೆಸಿಕೊಂಡಿರಿ. ಗಾಲಿಕುರ್ಚಿಯ ಹಿಂದಿದ್ದ ನಾನು ನೋಡಿಲ್ಲವೆಂದುಕೊಂಡಿರೇನೋ.

ಎದೆಯ ಸೋಂಕು ಏರಿ ನೀವು ಹೊರಟಾಗ ನಿಮ್ಮ ಕೈ ನನ್ನ ಕೈಯಲ್ಲಿತ್ತು. ನಾನು ಕಂಡ ಮೊದಲ ಸಾವು ಅದು. ಅಳಲೂ ಪುರುಸೊತ್ತಿರಲಿಲ್ಲ, ಪಕ್ಕದ ಹಾಸಿಗೆಯವರಿಗೆ ಔಷಧಿ ಕೊಡಬೇಕಿತ್ತು.

ಮರುದಿನ ತಾತ ಕೇಳಿದರು. "ಆ ಅಮ್ಮ ಯಾಕೆ ಬರಲಿಲ್ಲ?"

ಕೇಳಿದರೆ ನಿಜ ಹೇಳು ಎಂದಿದ್ದರು ಹಿರಿಯ ಸಿಸ್ಟರ್. "ತೀರಿಕೊಂಡ್ರು ತಾತ. ಅವರು ನಿಮ್ಮ ಹೆಂಡತಿ" ಎಂದೆ. ತಾತ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಸಂಜೆ ಮತ್ತೆ ಅದೇ ಪ್ರಶ್ನೆ. ಮತ್ತೆ ಹೇಳಿದೆ. ಆಗಷ್ಟೇ ಸುದ್ದಿ ತಿಳಿದವರಂತೆ ಮತ್ತೆ ಅತ್ತರು. ಒಬ್ಬ ಮನುಷ್ಯನಿಗೆ ಹೆಂಡತಿ ಎಷ್ಟು ಸಲ ಸಾಯಬೇಕು ಅಜ್ಜಿ? ಅದರ ಮಾರನೆಯ ದಿನ ಕೇಳಿದಾಗ "ಮಲಗಿದಾರೆ ತಾತ" ಎಂದುಬಿಟ್ಟೆ.

ತಾತ ತಲೆಯಾಡಿಸಿದರು. ಆಮೇಲೆ ದನಿ ತಗ್ಗಿಸಿ, "ಎಬ್ಬಿಸಬೇಡಮ್ಮ. ಅವಳಿಗೆ ನಿದ್ದೆ ಕಮ್ಮಿ. ನನ್ನ ಬೆಳಗಿನ ಬಸ್ಸಿಗೆ ಮುಂಚೆ ಎದ್ದು ಬುತ್ತಿ ಕಟ್ತಾಳೆ, ಪಾಪ" ಎಂದರು.

ಅವಳು. ತಾತ ನಿಮ್ಮನ್ನು 'ಅವಳು' ಎಂದರು ಅಜ್ಜಿ.

ಬಟ್ಟೆ ಜೋಡಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಬಾಕಿ ಉಳಿದಿದ್ದ ಅಳುವನ್ನೆಲ್ಲ ಅತ್ತೆ. ಎರಡು ದಿನ ಮೊದಲು ಆ ಮಾತು ಬಂದಿದ್ದರೆ ನೀವೇ ಕೇಳುತ್ತಿದ್ದಿರಿ. ಈಗ ತಾತ ನಿಮ್ಮ ಬಗ್ಗೆ ಕೇಳುವುದನ್ನೂ ನಿಲ್ಲಿಸಿದ್ದಾರೆ. ಕೇಳುತ್ತಿದ್ದಾಗಲೇ ಚೆನ್ನಾಗಿತ್ತು ಅನ್ನಿಸುತ್ತದೆ.

ಅಮ್ಮನಿಗೆ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿದ್ದೇನೆ. ತಾತನ ಚಿಂತೆ ಬಿಡಿ, ನಾನಿದ್ದೇನೆ. ನೆಮ್ಮದಿಯಾಗಿ ಹೋಗಿ ಬನ್ನಿ ಅಜ್ಜಿ.

ನಿಮ್ಮ
ಹೊಸ ಸಿಸ್ಟರ್