ಮೂಲವಿಗ್ರಹದ ಪಕ್ಕದ ಸಣ್ಣ ಕಾರು

ಮರುಕಾರ್ತಿಕ ಮಾಸದ ನಲವತ್ತೊಂದನೆಯ ದಿನ, ಗಾಳಿವರ್ಷ ಇನ್ನೂರ ಹನ್ನೆರಡು
ದುರ್ಗದ ಮೇಲುಕೇರಿ

ಎರಡು ಕಾರುಗಳ ಒಡೆಯರಾದ, ಹೆಸರು ತಿಳಿಯದ ಹಿರಿಯರಿಗೆ ಪಾಲಯ್ಯನು ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಯಾವ ತಿಂಗಳಿಗೂ ನಲವತ್ತು ದಿನ ಇರಲಿಲ್ಲವೆಂದೂ, ಕಾರ್ತಿಕ ವರ್ಷಕ್ಕೆ ಒಂದೇ ಸಲ ಬರುತ್ತಿತ್ತೆಂದೂ ಓದಿ ಬಲ್ಲೆ. ಮಳೆ ತನ್ನ ಹಳೆಯ ತಿಂಗಳುಗಳನ್ನು ಬಿಟ್ಟು ಹೊರಟಾಗ ನಮ್ಮ ಮುತ್ತಜ್ಜಂದಿರು ಅದರ ಹಿಂದೆ ಓಡಲಿಲ್ಲ. ಅದು ಹೋಗಿ ನಿಂತಲ್ಲೇ ಹೊಸ ತಿಂಗಳುಗಳನ್ನು ಕಟ್ಟಿ, ಹಳೆಯ ಹೆಸರಿಗೇ 'ಮರು' ಎಂದು ಸೇರಿಸಿ ಸುಮ್ಮನಾದರು. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಬರವಣಿಗೆಯನ್ನು ಅನುಕರಿಸಲು ಶಕ್ತಿಮೀರಿ ಪ್ರಯತ್ನಿಸಿದ್ದೇನೆ; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇದು ಹಿನ್ನೋಲೆ. ಹಿಂದಿನವರಿಗೆ ಬರೆಯುವ ಓಲೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಆಯುಷ್ಯದಲ್ಲಿ ಒಂದೇ ಹಿನ್ನೋಲೆ ಬರೆಯುವ ಹಕ್ಕಿದೆ. ಬರೆದು ಬೆಟ್ಟದ ಬುಡದ ಓಲೆಗೂಡಿಗೆ ಹಾಕಿದರೆ ಅದು ಹಿಂದಕ್ಕೆ ಹೋಗುತ್ತದೆ. ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ಗೂಡನ್ನು ಕಟ್ಟಿದವರೇ ಆ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಾರೆ. ಉತ್ತರ ಬರುವುದಿಲ್ಲ. ಬರೆದವನ ಹೊರತು ಈ ಕಡೆಯವರು ಯಾರೂ ಓಲೆಯನ್ನು ಓದುವಂತಿಲ್ಲ. ಬುದ್ಧಿಯಿರುವವರು ದೊಡ್ಡ ವಿಷಯ ಕೇಳುತ್ತಾರೆ: ಹೊಳೆ ಯಾವಾಗ ಬತ್ತಿತು, ನಮ್ಮ ವಂಶ ಎಲ್ಲಿಂದ ಬಂತು ಎಂದು. ಪಕ್ಕದ ಮನೆಯ ಮುದುಕ ಒಂದು ಚಟ್ನಿಗೆ ಏನೇನು ಹಾಕುತ್ತಿದ್ದಿರಿ ಎಂದು ಕೇಳಿ ಕಳಿಸಿದ. ಅವನನ್ನು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವನು ನಾನು. ಈಗ ನಾನು ಕಾರಿನ ವಿಷಯ ಕೇಳಲು ಕೂತಿದ್ದೇನೆ, ಆ ಮುದುಕನಿಗೆ ಮುಖ ತೋರಿಸಲಾಗುತ್ತಿಲ್ಲ.

ನಾನು ಹೊಳಪಿಗ. ನೆಲದಿಂದ ಸಿಕ್ಕ ಹಳೆಯ ವಸ್ತುಗಳನ್ನು ತೊಳೆದು, ಉಜ್ಜಿ, ಅವು ಇದ್ದ ಹಾಗೆ ಕಾಣುವಂತೆ ಮಾಡುವುದು ನನ್ನ ಕೆಲಸ. ಹೋದ ವರ್ಷ ಕೆಳಕೇರಿಯವರು ಬಾವಿಗೆಂದು ಬಂಡೆ ಒಡೆದಾಗ ನಿಮ್ಮ ಕೋಣೆ ಸಿಕ್ಕಿತು. ಒಳಗೆ ಒಂದು ಹನಿ ತೇವವಿರಲಿಲ್ಲ. ಬಟ್ಟೆಯ ಮುಸುಕು ಹೊದ್ದು ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದು ಕೆಂಪಗೆ, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದ ಹಾಗೆ; ಅದನ್ನು ನೀವು ಸ್ಪೋರ್ಟ್ಸ್ ಕಾರು ಎನ್ನುತ್ತಿದ್ದಿರೆಂದು ಪುಸ್ತಕಗಳಿಂದ ತಿಳಿಯಿತು. ಇನ್ನೊಂದು ಸಣ್ಣದು, ಎಳೆ ಸೌತೆಕಾಯಿಯ ಬಣ್ಣದ್ದು, ನೆಟ್ಟಗೆ ಕೂತದ್ದು. ಕಪಾಟಿನಲ್ಲಿ ಎರಡು ಬಕೆಟ್, ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗಿನ ಬಟ್ಟೆಗಳು, ಒಂದು ಡಬ್ಬಿ ಮುಲಾಮು. ಮುಲಾಮಿಗೆ ಇಷ್ಟು ಕಾಲದ ಮೇಲೂ ಕೊಬ್ಬರಿಯ ವಾಸನೆ ಇತ್ತು. ಕಟ್ಟೆಯ ಹಿರಿಯರಾದ ಕಾಟಯ್ಯನವರು ಅದನ್ನು ಮಿಠಾಯಿ ಎಂದು ತೀರ್ಮಾನಿಸಿ ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಕಟ್ಟೆ ಎಂದರೆ ಊರಿನ ತೀರ್ಪು ಹೇಳುವ ಸಭೆ, ಅದರ ಹಿರಿಯರು ಉಗುಳುವಂತಿಲ್ಲ. ಅವರು ನುಂಗಿದರು. ಸಂಜೆಯ ಹೊತ್ತಿಗೆ ಅದು ಮಿಠಾಯಿ ಅಲ್ಲವೆಂದು ಊರಿಗೆಲ್ಲ ಗೊತ್ತಾಯಿತು.

ಅದನ್ನು ಕಾರಿನ ಮೈಗೆ ಹಚ್ಚಬೇಕೆಂದು ತಿಳಿದುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಮೊದಲು ದಪ್ಪಗೆ ಬಳಿದು ಬಿಸಿಲಿಗೆ ಇಟ್ಟೆ. ಕೆಂಪು ಕಾರು ಸುಣ್ಣ ಹೊಡೆದ ಗೋಡೆಯಂತಾಯಿತು. ಆಮೇಲೆ ತೆಳ್ಳಗೆ, ನೆರಳಲ್ಲಿ, ಸುತ್ತಿ ಸುತ್ತಿ ಹಚ್ಚಿ, ಅದು ಮಂಜಾದ ಮೇಲೆ ಒಣಬಟ್ಟೆಯಲ್ಲಿ ಒರೆಸುವುದು ಕಲಿತೆ. ಒರೆಸಿದಾಗ ಬಣ್ಣದ ಆಳದಿಂದ ಬೆಳಕು ಮೇಲೆದ್ದು ಬರುತ್ತದೆ. ಅದನ್ನು ಮೊದಲ ಸಲ ಕಂಡಾಗ ನನಗೆ ಸುಮ್ಮನೆ ಸಂತೋಷವಾಯಿತು, ಕೆಲಸ ನಿಲ್ಲಿಸಿ ಒಬ್ಬನೇ ನಗುತ್ತಾ ಕೂತಿದ್ದೆ. ನಿಮಗೂ ಹಾಗೆ ಆಗುತ್ತಿತ್ತೆಂದು ನಂಬಿದ್ದೇನೆ.

ಗೊಂದಲ ಶುರುವಾದದ್ದು ಅಲ್ಲಿಂದಲೇ. ನಮ್ಮಲ್ಲಿ ಯಾರಿಗೂ ಒಂದೇ ಕೆಲಸದ ಎರಡು ವಸ್ತು ಇರುವುದಿಲ್ಲ. ಒಂದು ತಟ್ಟೆ, ಒಂದು ಕಂಬಳಿ, ಒಂದು ಚೊಂಬು; ಒಡೆದರೆ ಇನ್ನೊಂದು. ಎರಡು ಕಾರುಗಳಿದ್ದ ಮನುಷ್ಯ ಬೆಳಿಗ್ಗೆ ಎದ್ದು ಯಾವುದರ ಬಾಗಿಲು ತೆಗೆಯುತ್ತಿದ್ದನೆಂದು ಯೋಚಿಸಿದರೆ ನನಗೆ ತಲೆ ಸುತ್ತುತ್ತದೆ. ಅದೂ ಹೋಗಲಿ. ಕೆಂಪು ಕಾರು ಕಣ್ಣಿಗೆ ಕಾಣುವ ಕಡೆಯೆಲ್ಲ ಹೊಳೆಯುತ್ತದೆ. ಸಣ್ಣ ಕಾರಿಗಾದರೋ ಯಾರೂ ನೋಡದ ಕಡೆಯೂ ಮುಲಾಮು ಹಚ್ಚಿದ್ದೀರಿ: ಬಾಗಿಲಿನ ಸಂದಿಯಲ್ಲಿ, ಎಣ್ಣೆ ತುಂಬುವ ಮುಚ್ಚಳದ ಹಿಂದೆ, ನಂಬರಿನ ಹಲಗೆಯ ಅಡಿಯಲ್ಲಿ. ಕೆಂಪು ಕಾರಿನ ಚರ್ಮದ ಆಸನಗಳು ಬರಿಮೈಯಲ್ಲಿವೆ. ಸಣ್ಣದರ ಬಟ್ಟೆಯ ಆಸನಗಳಿಗೆ ಪ್ಲಾಸ್ಟಿಕ್ ಹೊದಿಕೆ, ಅಂಗಡಿಯಿಂದ ಬಂದದ್ದನ್ನು ಹಾಗೆಯೇ ಬಿಟ್ಟಿದ್ದೀರಿ. ಕೂತು ಕೂತು ಪ್ಲಾಸ್ಟಿಕ್ ಸವೆದಿದೆ, ಆದರೂ ತೆಗೆದಿಲ್ಲ. ಬೆಲೆಬಾಳುವುದನ್ನು ಬಿಚ್ಚಿಟ್ಟು ಅಗ್ಗದ್ದನ್ನು ಮುಚ್ಚಿಟ್ಟರೆ ನಾನು ಏನೆಂದು ತಿಳಿಯಲಿ? ಇನ್ನು ದೃಷ್ಟಿಯ ವಿಷಯ. ಮುಂದಿನ ಕಂಬಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ದಾರ ಸಣ್ಣ ಕಾರಿಗಿದೆ, ನಿಂಬೆ ಒಣಗಿ ಗೋಲಿಯಾಗಿದೆ. ಲೋಕವೆಲ್ಲ ಬಾಯಿ ಬಿಟ್ಟು ನೋಡುವ ಕೆಂಪು ಕಾರಿಗೆ ಒಂದು ಎಳೆ ದಾರವೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಸಣ್ಣ ಕಾರು ನಿಮ್ಮ ಹೆಗ್ಗಣವಾಗಿತ್ತೇ? ಹಾಗೆಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಮನಸ್ಸು ತನಗೆ ಬೇಕಾದದ್ದನ್ನೇ ಹೇಳುವ ಜಾತಿಯದು.

ಕಟ್ಟೆಗೆ ಈ ಗೊಂದಲವೇ ಇಲ್ಲ. ಹಿರಿಯರು ಬಂದು ಎರಡನ್ನೂ ಸುತ್ತಿ ನೋಡಿ ಅಲ್ಲೇ ನಿರ್ಧರಿಸಿದರು. ಕೆಂಪು ಕಾರಿನ ಚಕ್ರಗಳು ಹೆಚ್ಚು ಸವೆದಿಲ್ಲ, ಅಂದರೆ ಅದು ಹೊರಗೆ ಹೋದದ್ದು ಕಡಿಮೆ. ಆದ್ದರಿಂದ ಅದು ಮೂಲವಿಗ್ರಹ. ಸಣ್ಣದು ಬೀದಿ ಸುತ್ತಿದೆ, ಹೂವಿನ ಎಸಳು ಸಂದಿಯಲ್ಲಿ ಸಿಕ್ಕಿದೆ, ಕುಂಕುಮ ಮೆತ್ತಿದೆ; ಆದ್ದರಿಂದ ಅದು ಉತ್ಸವಮೂರ್ತಿ. ಮೂಲ ಗರ್ಭಗುಡಿಯಲ್ಲಿ ಕೂತಿರುತ್ತದೆ, ಜನರ ಬಳಿಗೆ ಉತ್ಸವಮೂರ್ತಿ ಹೋಗಿಬರುತ್ತದೆ. ಕೇಳಿದರೆ ಸರಿಯೆನಿಸುತ್ತದೆ. ಸರಿಯೆನಿಸುವುದೇ ನನ್ನ ಸಂಕಟ. ಅವರು ಹೇಳಿದ್ದರಲ್ಲಿ ಎಲ್ಲಿ ಬೆರಳಿಡಬೇಕೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಆಯುಧಪೂಜೆ ನಮ್ಮಲ್ಲಿ ಇನ್ನೂ ಇದೆ. ಚಾಕು, ಕುಡುಗೋಲು, ಮಗ್ಗ, ನೀರೆತ್ತುವ ಗಾಳಿಯಂತ್ರ, ಮುದುಕರ ಕನ್ನಡಕ, ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಡುತ್ತೇವೆ. ಈ ಸಲ ನಿಮ್ಮ ಕಾರುಗಳಿಗೂ ಇಟ್ಟೆವು. ಗಾಲಿಗಳಲ್ಲಿ ಗಾಳಿ ನಿಲ್ಲದ ಕಾರಣ ತೆಂಗಿನ ನಾರು ತುಂಬಿದ್ದೇನೆ. ನನ್ನ ಅಕ್ಕ ಬೋರಮ್ಮ ಮಂಗಳಾರತಿ ಮಾಡಿದಳು. ಅವಳನ್ನು ಮೊದಲು ಕೆಂಪು ಕಾರಿನಲ್ಲಿ ಕೂರಿಸಿದೆವು, ದೊಡ್ಡವಳೆಂಬ ಮರ್ಯಾದೆಗೆ. ಅವಳು ಒಳಗೆ ಜಾರಿ ಬಿದ್ದಳು. ಮೊಣಕಾಲು ಗದ್ದಕ್ಕೆ ಬಂತು, ಮುಂದಿನ ಗಾಜಿನಲ್ಲಿ ಆಕಾಶದ ಹೊರತು ಏನೂ ಕಾಣಲಿಲ್ಲ, ಹೊರಗೆ ತೆಗೆಯಲು ಇಬ್ಬರು ಬೇಕಾಯಿತು. ಸಣ್ಣ ಕಾರಿನಲ್ಲಿ ಅವಳು ಮನೆಯ ಜಗಲಿಯ ಮೇಲೆ ಕೂತಂತೆ ಕೂತಳು. ಸೆರಗು ಸರಿಮಾಡಿಕೊಂಡು, ಚೀಲವನ್ನು ಪಕ್ಕದಲ್ಲಿಟ್ಟು, ಬಾಗಿಲು ಎಳೆದುಕೊಂಡು, ಕಿಟಕಿಯ ಹಿಡಿಯನ್ನು ತಿರುಗಿಸಿ ಗಾಜು ಇಳಿಸಿದಳು. ಊರವರು ಹಿಂದಿನಿಂದ ನೂಕಿದರು. ಮೇಲುಕೇರಿಯ ಇಳಿಜಾರಿನಲ್ಲಿ ಕಾರು ತಾನೇ ಹೊರಟಿತು. ನಾನು ಪಕ್ಕದಲ್ಲಿ ಕೂತು ದಾರಿ ತಿರುಗಿಸುವ ಚಕ್ರ ಹಿಡಿದಿದ್ದೆ. ಗಾಳಿ ಒಳಗೆ ಬಂತು, ಪ್ಲಾಸ್ಟಿಕ್ ಪರಪರ ಎಂದಿತು. ಬೀದಿಯ ಎರಡೂ ಕಡೆ ಜನ ಕೈಬೀಸಿದರು. ಅಕ್ಕ ಹಲ್ಲು ಕಾಣುವಂತೆ ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಇಳಿಜಾರು ಮುಗಿದು ಕಾರು ನಿಂತ ಮೇಲೂ ಅವಳು ಇಳಿಯಲಿಲ್ಲ, ಇನ್ನೊಂದು ಸಲ ಹತ್ತಿಸಿಕೊಂಡು ಬನ್ನಿ ಎಂದು ನಮ್ಮನ್ನೆಲ್ಲ ಗದರಿದಳು. ಆಮೇಲೆ ಪ್ರತಿ ವಾರ ಯಾವುದಾದರೂ ನೆಪ ತೆಗೆದು ಇಳಿಜಾರಿಗೆ ಬರುತ್ತಿದ್ದಳು. ನಾನು ಬೆಳಿಗ್ಗೆ ಕಾರು ತೊಳೆದು ಒರೆಸುತ್ತಿದ್ದೆ, ಸಂಜೆ ನಾವಿಬ್ಬರೂ ಜಾರುತ್ತಿದ್ದೆವು. ನಮ್ಮ ವಯಸ್ಸು ಕೇಳಬೇಡಿ.

ಈ ತಿಂಗಳ ಮೊದಲಲ್ಲಿ ಗಾಳಿಯಂತ್ರದ ಅಚ್ಚು ಮುರಿಯಿತು. ಕೆಳಕೇರಿಯ ಬಾವಿಯಿಂದ ಮೇಲುಕೇರಿಗೆ ನೀರೆತ್ತುವುದು ಅದೊಂದೇ. ಈಗ ಎಲ್ಲರೂ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದೇವೆ, ಮಂಡಿನೋವಿನ ಅಕ್ಕನೂ ಹತ್ತುತ್ತಾಳೆ. ಹೊಸ ಅಚ್ಚಿಗೆ ಲೋಹ ಬೇಕು, ನಮ್ಮ ಬೆಟ್ಟದಲ್ಲಿ ಅಷ್ಟು ಲೋಹ ಉಳಿದಿರುವುದು ನಿಮ್ಮ ಕಾರುಗಳಲ್ಲೇ. ಯಾವುದಾದರೊಂದು ಸಾಕು, ಎರಡೂ ಬೇಡ. ಬರುವ ಅಮಾವಾಸ್ಯೆಗೆ ಸಣ್ಣದನ್ನು ಕುಲುಮೆಗೆ ಹಾಕುವುದೆಂದು ಕಟ್ಟೆ ಹೇಳಿದೆ. ಕೆಂಪು ಕಾರನ್ನು ಕರಗಿಸಿ ಎಂದು ನಾನು ಕೈಮುಗಿದು ಕೇಳಿಕೊಂಡೆ. ಕಾಟಯ್ಯನವರಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

"ಮೂಲನ ಕರಗ್ಸಿ ಉತ್ಸವಮೂರ್ತಿ ಮಡಿಕ್ಯಂಡ ಊರು ಎಲ್ಲಾರ ಐತೇನಯ್ಯ ಪಾಲಯ್ಯ?" ಎಂದರು.

ನಮ್ಮಲ್ಲೊಂದು ಕಟ್ಟಳೆಯಿದೆ, ಅದನ್ನು ನಿಮಗೆ ಹೇಳಲೇಬೇಕು. ನೆಲದಿಂದ ಸಿಕ್ಕ ವಸ್ತುವಿನ ಮೇಲೆ ಬದುಕಿರುವವರ ಆಸೆಗೆ ಕವಡೆ ಕಾಸಿನ ಬೆಲೆಯಿಲ್ಲ. ಅದರ ಒಡೆಯ ಏನು ಬಯಸಿದ್ದನೋ ಅದು ನಡೆಯಬೇಕು. ಒಡೆಯನಿಗೆ ಸಣ್ಣದೇ ಹೆಚ್ಚು ಎಂದು ತೋರಿಸು, ಆಗ ಕೆಂಪನ್ನು ಕರಗಿಸೋಣ ಎಂದು ಕಟ್ಟೆ ನನಗೆ ಅವಕಾಶ ಕೊಟ್ಟಿದೆ. ಮುಲಾಮು, ಪ್ಲಾಸ್ಟಿಕ್, ನಿಂಬೆಹಣ್ಣು ಎಲ್ಲ ಹೇಳಿದೆ. ಉತ್ಸವಮೂರ್ತಿಗೆ ಅಲಂಕಾರ ಹೆಚ್ಚು, ಅದರಲ್ಲೇನು ವಿಶೇಷ ಎಂದರು.

ಮನೆಗೆ ಬಂದು ಹಿನ್ನೋಲೆ ಬರೆಯುತ್ತೇನೆಂದಾಗ ಅಕ್ಕ ಹೊತ್ತ ಕೊಡವನ್ನು ಇಳಿಸದೆ ಬಾಗಿಲಲ್ಲೇ ನಿಂತಳು.

"ಅಲ್ಲ ಕಣೋ ಪಾಲ, ಸತ್ತೋರಿಗೆ ಯಾವ್ದು ಬೇಕಾಗಿತ್ತು ಅಂತ ಅಷ್ಟು ದೂರ ಕೇಳಾಕೋಗ್ತೀಯ. ನಂಗೆ ಯಾವ್ದು ಬೇಕು ಅಂತ ಈ ಊರಾಗೆ ಒಬ್ರಾದ್ರೂ ಕೇಳಿದ್ರೇನೋ?"

ನಾನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆದರೆ ಅವಳ ಉತ್ತರವನ್ನು ಕಟ್ಟೆಯ ಮುಂದೆ ಇಡಲು ಬರುವುದಿಲ್ಲ, ಏಕೆಂದರೆ ಅವಳು ಬದುಕಿದ್ದಾಳೆ.

ಹಿರಿಯರೇ, ನಿಮ್ಮನ್ನು ನಾನು ಎಷ್ಟು ಬಗೆಯಲ್ಲಿ ಊಹಿಸಿದ್ದೇನೆ ಗೊತ್ತೇ. ಕೆಂಪು ಕಾರು ನಿಮ್ಮ ಯೌವನದ ಆಸೆಯಾಗಿತ್ತು, ಕೈಗೆ ಬಂದಾಗ ನಿಮ್ಮ ಸೊಂಟ ಹಿಡಿದುಕೊಂಡಿತ್ತು ಎಂದು ಒಂದು ದಿನ. ಸಣ್ಣದನ್ನು ನಿಮ್ಮ ಅಮ್ಮನಿಗೋ ಮನೆಯವರಿಗೋ ತಂದಿರಿ, ಅವರ ಮೇಲಿನ ಪ್ರೀತಿಯನ್ನೇ ಬಾಗಿಲ ಸಂದಿಗೆ ಹಚ್ಚಿದಿರಿ ಎಂದು ಇನ್ನೊಂದು ದಿನ. ಎರಡೂ ನಿಮಗೆ ಸಮವಾಗಿದ್ದವು, ಒಂದನ್ನು ನೋಡಿ ಸುಖಪಟ್ಟು ಇನ್ನೊಂದರಲ್ಲಿ ಕೂತು ಸುಖಪಟ್ಟಿರಿ, ನನ್ನ ಪ್ರಶ್ನೆಯೇ ನಿಮಗೆ ಅರ್ಥವಾಗುವುದಿಲ್ಲ ಎಂದು ಮತ್ತೊಂದು ದಿನ. ಈ ಕೊನೆಯದು ನನ್ನನ್ನು ಹೆದರಿಸುತ್ತದೆ. ಒಂದು ತಟ್ಟೆಯವನಿಗೆ ಎರಡು ತಟ್ಟೆಯವನ ಮನಸ್ಸು ಹೇಗೆ ತಿಳಿಯಬೇಕು?

ಆದ್ದರಿಂದ ಒಂದು ಬೇಡಿಕೆ. ಸಣ್ಣ ಕಾರಿನ ಹಿಂಬಾಗಿಲು ಎತ್ತಿದರೆ ಕೆಳಗೆ ಹೆಚ್ಚುವರಿ ಚಕ್ರ ಇಡುವ ಗುಂಡಿಯಿದೆ. ಅದನ್ನು ನೀವು ಸ್ಟೆಪ್ನಿ ಎನ್ನುತ್ತಿದ್ದಿರಂತೆ. ಅದರ ತಿರುಪು ತುಕ್ಕು ಹಿಡಿದಿರುವ ಕಾರಣ ನಾವು ಆ ಚಕ್ರವನ್ನು ಇದುವರೆಗೆ ಎತ್ತಿಲ್ಲ, ಅದರ ಅಡಿಯಲ್ಲಿ ಏನಿದೆಯೆಂದು ಈ ಕಾಲದವರು ಯಾರೂ ಕಂಡಿಲ್ಲ. ಒಂದು ಭಾನುವಾರ ಕಾರು ತೊಳೆದು ಮುಲಾಮು ಹಚ್ಚುವಾಗ ಆ ಚಕ್ರವನ್ನು ಎತ್ತಿ, ಕೆಳಗಿನ ತಗಡಿನ ಮೇಲೆ ನಿಮ್ಮ ಹೆಬ್ಬೆರಳನ್ನು ಒತ್ತಿ. ಒಡೆಯನ ಹೆಬ್ಬೆರಳ ಗುರುತು ಯಾವ ಕಾರಿನಲ್ಲಿದೆಯೋ ಅದೇ ಅವನಿಗೆ ಹೆಚ್ಚೆಂದು ಕಟ್ಟೆ ತಲೆಬಾಗುತ್ತದೆ. ನೀವು ಇನ್ನು ಮೇಲೆ ಮಾಡಬೇಕಾದ ಕೆಲಸ ನಮ್ಮ ಲೆಕ್ಕದಲ್ಲಿ ಆಗಲೇ ಆಗಿದೆ, ಇಲ್ಲವೇ ಆಗಿಲ್ಲ. ಕೆಂಪು ಕಾರೇ ನಿಮಗೆ ಹೆಚ್ಚಾದರೆ ಆ ಜಾಗವನ್ನು ಖಾಲಿ ಬಿಡಿ, ನಿಮ್ಮನ್ನು ದೂರುವುದಿಲ್ಲ.

ಅಲ್ಲಿ ಒಡೆಯರ ಗುರುತು ಇರಬಹುದೆಂದು ನಾನು ಹೇಳಿದ್ದರಿಂದ ನಾಳೆ ಬೆಳಿಗ್ಗೆ ಹಿರಿಯರು ಬಂದು ತಿರುಪು ಬಿಚ್ಚಿಸುತ್ತಾರೆ. ಓಲೆಯನ್ನು ಗೂಡಿಗೆ ಹಾಕಿ ಬಂದು, ತುಕ್ಕಿಗೆ ಎಣ್ಣೆ ಬಿಟ್ಟು, ಅವರಿಗಿಂತ ಮೊದಲು ನಾನೊಬ್ಬನೇ ಬಿಚ್ಚಿ ನೋಡುತ್ತೇನೆ. ನಿಮ್ಮ ಗುರುತು ಇದ್ದರೆ ಅಲ್ಲೇ ಅಡ್ಡಬಿದ್ದು ಎದ್ದು ಬರುತ್ತೇನೆ. ಇಲ್ಲದಿದ್ದರೆ ನನ್ನ ಹೆಬ್ಬೆರಳನ್ನೇ ಮುಲಾಮಿಗೆ ಅದ್ದಿ ಅಲ್ಲಿ ಒತ್ತಿ, ಇದು ಒಡೆಯರದೆಂದು ಕಟ್ಟೆಯ ಮುಂದೆ ಆಣೆ ಮಾಡುತ್ತೇನೆ. ಆಗ ನಿಮ್ಮ ಕೆಂಪು ಕಾರು ನನ್ನ ಸುಳ್ಳಿನಿಂದ ಕರಗುತ್ತದೆ, ಅಕ್ಕ ಇಳಿಜಾರಿನಲ್ಲಿ ನಗುತ್ತಾಳೆ, ನಾನು ಪಕ್ಕದಲ್ಲಿ ಕೂತು ನಿಮ್ಮನ್ನು ನೆನೆದು ತಲೆ ತಗ್ಗಿಸುತ್ತೇನೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ಹಿರಿಯರೇ. ಮುಲಾಮು ಹಚ್ಚಿ ಮುಗಿದು ಕೈ ಒರೆಸಿಕೊಳ್ಳುವ ಮೊದಲು ಒಮ್ಮೆ ಒತ್ತಿಬಿಡಿ.

ನಿಮ್ಮ ಕಾರುಗಳನ್ನು ಒರೆಸುವವನು,
ಪಾಲಯ್ಯ